ಪಾಲಿಸಿಯೊಳಗೆ ಉಳಿದುಹೋದ ಗಂಡ

ನನಗೊಂದು ಚಟವಿದೆ. ಬೇರೆಯವರ ಬಾಯಿಂದ ಕೇಳಿ ನೀವು ಬೇಸರಪಟ್ಟುಕೊಳ್ಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಅಕ್ಕಪಕ್ಕದ ಮನೆಗಳಿಂದ ಬರುವ ಸದ್ದು ಕೇಳುತ್ತಾ ಕೂರುವುದೇ ಆ ಚಟ. ಬಾಗಿಲಿಗೆ ಕಿವಿ ಹಚ್ಚಿ ಕದ್ದು ಕೇಳುವವರ ಸಾಲಿಗೆ ನನ್ನನ್ನು ಸೇರಿಸಬೇಡಿ, ಅದು ಮರ್ಯಾದಸ್ಥರ ಕೆಲಸವಲ್ಲ. ನಾನು ನನ್ನ ಪಾಡಿಗೆ ಮೆಂತ್ಯೆ ಸೊಪ್ಪು ಬಿಡಿಸುತ್ತಾ ಕೂತಿರುತ್ತೇನೆ, ಸದ್ದು ತಾನಾಗಿಯೇ ಬಂದು ಕಿವಿಗೆ ಬೀಳುತ್ತದೆ. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಕಟ್ಟಡವನ್ನು ಕಟ್ಟಿಸಿದ ಬಿಲ್ಡರ್ ಸಿಮೆಂಟಿನ ವಿಷಯದಲ್ಲಿ ಬಹಳ ಸಂಯಮದ ಮನುಷ್ಯನಾಗಿದ್ದಿರಬೇಕು. ಪಕ್ಕದ ಮನೆಯವರು ಸೀನಿದರೆ ನಾವು ಇಲ್ಲಿಂದಲೇ ಹರಸಬಹುದು. ಕುಕ್ಕರ್ ಮೂರು ಕೂಗಿಗೆ ನಿಂತರೆ ಬೇಳೆ ಅನ್ನ. ಕೂಗುತ್ತಲೇ ಇದ್ದರೆ ರಾಜ್ಮಾ, ಇಲ್ಲವೇ ಹಲ್ಲಿಲ್ಲದ ಮಾವನವರು ಊರಿನಿಂದ ಬಂದಿದ್ದಾರೆ. ಮೆಟ್ಟಿಲ ಮೇಲಿನ ಚಪ್ಪಲಿ ಸದ್ದಿನಿಂದಲೇ ಯಾರಿಗೆ ಇವತ್ತು ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಕ್ಕಿತು, ಯಾರು ಠಾಣೆ ಪಟ್ಟಣದಿಂದ ನಿಂತೇ ಬಂದರು ಎಂದು ನಾನು ಹೇಳಬಲ್ಲೆ. ಈ ವಿದ್ಯೆಗೆ ಪದವಿ ಕೊಡುವ ಏರ್ಪಾಡು ಇದ್ದಿದ್ದರೆ ಇಷ್ಟು ಹೊತ್ತಿಗೆ ನನ್ನ ಹೆಸರಿನ ಹಿಂದೆ ಡಾಕ್ಟರ್ ಸೇರಿರುತ್ತಿತ್ತು.

ಇಂಥ ಕಿವಿ ಇಟ್ಟುಕೊಂಡೂ ನನ್ನದೇ ತಲೆಯ ಮೇಲಿನ ನೀರಿನ ಟಾಕಿ ಬಿರುಕು ಬಿಡುವ ಸದ್ದು ನನಗೆ ಕೇಳಿಸಲಿಲ್ಲ. ನಮ್ಮಲ್ಲಿ ನೀರು ಬರುವುದು ಅದಕ್ಕೆ ಮನಸ್ಸಾದ ಹೊತ್ತಿನಲ್ಲಿ. ಹಾಗಾಗಿ ಪ್ರತಿ ಮನೆಯಲ್ಲೂ ಬಚ್ಚಲಿನ ಮೇಲಿನ ಅಟ್ಟದಲ್ಲಿ ಒಂದು ಪ್ಲಾಸ್ಟಿಕ್ ಟಾಕಿ ಕೂತಿರುತ್ತದೆ. ಒಂದು ಶನಿವಾರ ಮಧ್ಯಾಹ್ನ ನೀರು ಬಂತು, ಟಾಕಿ ತುಂಬಿತು. ನಾನು ಕಿಟಕಿಯ ಪಕ್ಕ ಕೂತು ಬಿ ವಿಂಗಿನ ಅತ್ತೆ ಸೊಸೆಯ ಜಗಳ ಎಲ್ಲಿಗೆ ಬಂತು ಎಂದು ಗಮನಿಸುತ್ತಿದ್ದೆ. ಜಗಳ ಒಳ್ಳೆಯ ಘಟ್ಟಕ್ಕೆ ಬಂದಾಗ ನನ್ನ ಬೆನ್ನ ಹಿಂದೆ ಏನೋ ಒಡೆದಂತಾಯಿತು. ತಿರುಗಿ ನೋಡಿದರೆ ಬಚ್ಚಲಿನಿಂದ ಹೊರಟ ನೀರು ಹಾಲ್ ದಾಟಿ ಮಲಗುವ ಕೋಣೆಗೆ ಹೋಗಿಯಾಗಿತ್ತು. ಪ್ಲೈವುಡ್ಡಿನ ಕಪಾಟು, ಮಂಚ, ಹಾಸಿಗೆ, ಗೋಡೆಯ ಬಣ್ಣ ಯಾವುದೂ ಉಳಿಯಲಿಲ್ಲ. ನೀರು ಅಷ್ಟಕ್ಕೇ ತೃಪ್ತಿಪಡದೆ ಕೆಳಗಿನ ಮನೆಯ ಛಾವಣಿಗೂ ಇಳಿಯಿತು. ಅಲ್ಲಿರುವುದು ಕಟ್ಟಡವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಮರಾಠಿ ಹೆಂಗಸು, ನಿವೃತ್ತ ಶಾಲಾ ಶಿಕ್ಷಕಿ. ಕೈಯಲ್ಲಿ ಒರೆಸುವ ಬಟ್ಟೆ ಹಿಡಿದೇ ಮೇಲೆ ಬಂದರು. "ಅಗಂ, ಪಾಣೀ ಆಲಂ ಖಾಲೀ!" ಎಂದು ನೀರು ಕೆಳಗೆ ಬಂದ ಸುದ್ದಿ ಮುಟ್ಟಿಸಿದರು. ಆಮೇಲೆ ನನ್ನ ಮುಖ ನೋಡಿ, ಬೈಯುವುದನ್ನು ನಾಳೆಗೆ ಇಟ್ಟುಕೊಂಡು, ಸೀರೆ ಎತ್ತಿ ಸಿಕ್ಕಿಸಿ ನೆಲ ಒರೆಸಲು ಕೂತರು.

ಅವತ್ತು ಸಂಜೆಯೇ ಕಲ್ಯಾಣದಿಂದ ಅಣ್ಣನ ಫೋನ್ ಬಂತು. ನನ್ನ ಅಣ್ಣ ಒಳ್ಳೆಯವನು. ಅದೇ ತೊಂದರೆ. ಮೂರು ವರ್ಷದ ಹಿಂದೆ ನನಗೆ ವಿಚ್ಛೇದನವಾದಾಗಿನಿಂದ ಅವನು ನನ್ನ ಮನೆಯಲ್ಲಿ ಏನಾದರೂ ಒಡೆಯುವುದನ್ನು ಪ್ರೀತಿಯಿಂದ ಕಾಯುತ್ತಿದ್ದಾನೆ. "ನಾ ಏನ್ ಹೇಳಿದ್ನಿ? ಒಬ್ಬಾಕಿ ಮನಿ ಸಂಭಾಳಿಸೂದಂದ್ರ ಹುಡುಗಾಟ ಅಲ್ಲವ್ವಾ. ಮಾರಿಬಿಡು. ಇಲ್ಲಿ ಮ್ಯಾಲಿನ ಖೋಲಿ ಖಾಲಿ ಐತಿ, ಬಂದು ಆರಾಮ ಇರು" ಎಂದ. ಆ ಮೇಲಿನ ಖೋಲಿ ನನಗೆ ಗೊತ್ತು. ಅದರಲ್ಲಿ ಅತ್ತಿಗೆ ಜೋಳದ ಹಿಟ್ಟಿನ ಡಬ್ಬಿಗಳನ್ನು ಇಟ್ಟಿದ್ದಾಳೆ, ನಾನೂ ಹೋಗಿ ಅವುಗಳ ನಡುವೆ ಇನ್ನೊಂದು ಡಬ್ಬಿಯಾಗಬೇಕು. ಅದಕ್ಕಿಂತ ಹೆಚ್ಚಾಗಿ ಅಣ್ಣ ಸ್ವಂತ ನಿಂತು ಗಟ್ಟಿ ಗೋಡೆ ಕಟ್ಟಿಸಿದ ಮನೆ ಅದು, ಒಳಗೆ ಒಂದು ಸದ್ದೂ ಬರುವುದಿಲ್ಲ. ನನಗೆ ನಿಜವಾಗಿ ಭಯವಾಯಿತು. ಈ ಮನೆ ಕೈಬಿಟ್ಟರೆ ಇನ್ನೊಂದು ಮನೆ ನನ್ನ ಜನ್ಮದಲ್ಲಿ ಆಗದು. ಎರಡು ಮನೆಗಳ ರಿಪೇರಿ ಮಾಡಿಸುವಷ್ಟು ಸಂಬಳ ನನ್ನ ಠಾಣೆಯ ಆಫೀಸು ಕೊಡುವುದಿಲ್ಲ. ಆ ರಾತ್ರಿ ಕಾಕುವಿನ ಮನೆಯಲ್ಲಿ ಊಟ ಮಾಡುವಾಗ ಅವರೇ ನೆನಪಿಸಿದರು, ಗೃಹಸಾಲ ತೆಗೆದುಕೊಂಡವರಿಗೆಲ್ಲ ಮನೆಯ ಇನ್ಶೂರೆನ್ಸ್ ಕೂಡ ಇರುತ್ತದಲ್ಲ ಎಂದು.

ಇತ್ತು. ಟ್ರಂಕಿನ ತಳದಲ್ಲಿ, ಮದುವೆಯ ಆಲ್ಬಮ್ಮಿನ ಅಡಿಯಲ್ಲಿ ಸುಮ್ಮನೆ ಮಲಗಿತ್ತು. ಟಾಕಿ ಒಡೆದರೂ ಪರಿಹಾರ ಕೊಡುವ ಉದಾರ ಪಾಲಿಸಿ. ಆದರೆ ಅದರ ಮೇಲೆ ಎರಡು ಹೆಸರುಗಳಿದ್ದವು. ಮೊದಲನೆಯದು ಸುಧಾಕರ, ಎರಡನೆಯದು ನಾನು. ನಾವು ಬೇರೆಯಾದಾಗ ಎಲ್ಲವನ್ನೂ ಕ್ರಮವಾಗಿ ಹಂಚಿಕೊಂಡಿದ್ದೆವು. ಮಕ್ಕಳಿರಲಿಲ್ಲ, ಆ ಕಷ್ಟ ಇರಲಿಲ್ಲ. ನಾನು ವಿಜಯಪುರದವಳು, ನನಗೆ ರೊಟ್ಟಿ ತವಾ. ಅವರು ಉಡುಪಿಯವರು, ಅವರಿಗೆ ನೀರುದೋಸೆ ಕಾವಲಿ. ಮನೆ ನನಗೆ ಬಂತು, ಕಾರು ಅವರಿಗೆ ಹೋಯಿತು. ಕರೆಂಟು ಬಿಲ್ಲು, ಗ್ಯಾಸು, ಸೊಸೈಟಿಯ ಶೇರ್ ಸರ್ಟಿಫಿಕೇಟು, ಕೆಳಗೆ ಲಿಫ್ಟಿನ ಪಕ್ಕದ ಹೆಸರಿನ ಫಲಕ, ಎಲ್ಲ ಕಡೆಯಿಂದಲೂ ಅವರ ಹೆಸರು ತೆಗೆಸಿದ್ದೆ. ನನ್ನ ಮಾತಿನಲ್ಲಿ "ಇವರು" ಎನ್ನುತ್ತಿದ್ದದ್ದು "ಅವರು" ಆಗಲಿಕ್ಕೆ ಕೋರ್ಟಿಗೆ ಎರಡು ವರ್ಷ ಹಿಡಿದಿತ್ತು. ಇಷ್ಟೆಲ್ಲ ಸ್ವಚ್ಛ ಮಾಡಿದ ಮೇಲೂ ಗಂಡ ಪಾಲಿಸಿಯ ಮೊದಲ ಸಾಲಿನಲ್ಲಿ ಕಾಲುಚಾಚಿ ಕೂತೇ ಇದ್ದರು. ಅಷ್ಟೇ ಅಲ್ಲ, ವರ್ಷ ವರ್ಷ ಪ್ರೀಮಿಯಮ್ಮು ಅವರ ಖಾತೆಯಿಂದಲೇ ಹೋಗುತ್ತಿತ್ತು. ಅವರಿಗೆ ಇದು ಗೊತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆ ಅವತ್ತಿನಿಂದಲೇ ನನ್ನ ತಲೆ ತಿನ್ನತೊಡಗಿತು.

ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಹಿಂದಿಯಲ್ಲಿ ಬಹಳ ಸಿಹಿಯಾಗಿ ಪಾಲಿಸಿದಾರರ ಹೆಸರು ಕೇಳಿದಳು. ನೋಡಿ, ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹದಿನಾರು ವರ್ಷ "ರೀ" ಎಂಬ ಒಂದೇ ಅಕ್ಷರದಲ್ಲಿ ಸಂಸಾರ ನಡೆಸಿದವಳು ನಾನು. ವಿಚ್ಛೇದನದ ಲಾಭಗಳಲ್ಲಿ ಹೆಸರು ಹಿಡಿದು ಕರೆಯುವ ಹಕ್ಕೂ ಒಂದು ಎಂದು ಕಾಗದದ ಮೇಲೆ ಗೊತ್ತಿತ್ತು, ನಾಲಿಗೆಗೆ ಗೊತ್ತಿರಲಿಲ್ಲ. ಎರಡು ಸಲ ಕೆಮ್ಮಿ, ನೀರು ಕುಡಿದು ಹೇಳಿದೆ. ಅವರಿಗೂ ನಿಮಗೂ ಏನು ಸಂಬಂಧ ಎಂದಳು. ಎಕ್ಸ್ ಎಂದೆ. "ಮೇಡಂ, ನನ್ನ ಸ್ಕ್ರೀನಿನಲ್ಲಿ ಅದು ಇಲ್ಲ. ಪತಿ, ಪತ್ನಿ, ತಂದೆ, ತಾಯಿ, ಮಗ, ಮಗಳು, ಇತರೆ, ಇಷ್ಟೇ ಇರುವುದು" ಎಂದು ಅವಳು ನಿಜವಾದ ಕನಿಕರದಿಂದ ಹೇಳಿದಳು. ಇತರೆ ಎಂದೇ ಹಾಕಮ್ಮ ಎಂದೆ. ಹದಿನಾರು ವರ್ಷದ ದಾಂಪತ್ಯಕ್ಕೆ ಇಷ್ಟು ಸರಿಯಾದ ಹೆಸರನ್ನು ನಮ್ಮ ವಕೀಲರೂ ಹುಡುಕಿರಲಿಲ್ಲ. ಆಮೇಲೆ ಅವಳು ಮುಖ್ಯ ವಿಷಯಕ್ಕೆ ಬಂದಳು. ಅರ್ಜಿ ದಾಖಲಾಗಬೇಕಾದರೆ ಓಟಿಪಿ ಬೇಕು. ಅದು ಮೊದಲ ಹೆಸರಿನವರ ಮೊಬೈಲಿಗೇ ಹೋಗುತ್ತದೆ. ಹೋದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಕೆಟ್ಟುಹೋಗುತ್ತದೆ. ಹಾಲಿಗಿಂತ ಸೂಕ್ಷ್ಮ ವಸ್ತು ಅದು.

ಹೀಗೆ ಮೂರು ವರ್ಷದ ನಂತರ ನಾನು ಅವರಿಗೆ ಫೋನ್ ಮಾಡಿದೆ. ಏನೆಂದು ಶುರು ಮಾಡುವುದು? "ರೀ" ಎನ್ನುವ ಹಾಗಿಲ್ಲ. ಹೆಸರು ಹಿಡಿದು ಕರೆದರೆ ಆಫೀಸಿನ ಪ್ಯೂನನ್ನು ಕರೆದಂತಾಗುತ್ತದೆ. ಹಲೋ ಎಂದರೆ ಸಾಲ ಬೇಕಾ ಎಂದು ಕೇಳುವ ಬ್ಯಾಂಕಿನವಳಂತಾಗುತ್ತದೆ. ಕೊನೆಗೆ ಪೀಠಿಕೆಯಿಲ್ಲದೆ, "ನಿಮ್ಮ ಫೋನಿಗೆ ಒಂದು ನಂಬರ್ ಬಂದೈತಿ ನೋಡ್ರಿ, ಲಗೂನ ಹೇಳ್ರಿ" ಎಂದೆ. ಅವರು ಬೆಚ್ಚಿಬಿದ್ದಿರಬೇಕು. ಮೊದಲಿನಿಂದಲೂ ಅವರದು ಅಳೆದು ತೂಗಿದ ಮಾತು. "ಎಂತ ನಂಬರ್? ಯಾರು, ನೀನಾ? ಆರಾಮಾ?" ಎಂದರು. ಟಾಕಿಯ ಕಥೆ ಹೇಳಿದೆ. "ಹೌದಾ ಮಾರಾಯ್ತಿ! ಪೆಟ್ಟು ಗಿಟ್ಟು ಆಗ್ಲಿಲ್ಲ ಅಲ್ವಾ? ಇರು, ಕನ್ನಡಕ ಎಲ್ಲುಂಟು ನೋಡ್ತೇನೆ" ಎಂದರು. ಅವರು ಕನ್ನಡಕ ಹುಡುಕುವ ಆ ಬಿಡುವಿನಲ್ಲಿ ನನ್ನ ಕಿವಿ ತನ್ನ ಕೆಲಸ ಶುರು ಮಾಡಿತು. ಅವರ ಹಿಂದೆ ಒಂದು ಸದ್ದು ಕೇಳುತ್ತಿತ್ತು. ಟಕ್, ಟೊಕ್. ಟಕ್, ಟೊಕ್. ನಡುವೆ ಒಮ್ಮೆ ನಿಂತು ಒಬ್ಬ ಹೆಂಗಸಿನ ನಗು, ಮತ್ತೆ ಟಕ್, ಟೊಕ್. ಅವರು ನಂಬರ್ ಹೇಳಿದರು, ನಾನು ಬರೆದುಕೊಂಡೆ, ಫೋನ್ ಇಟ್ಟೆ. ಅರ್ಜಿ ದಾಖಲಾಯಿತು. ಆದರೆ ನನ್ನ ಮನಸ್ಸು ಅರ್ಜಿಯಲ್ಲಿರಲಿಲ್ಲ.

ಆಮೇಲಿನ ದಿನಗಳಲ್ಲಿ ಫೋಟೊ ಸೇರಿಸಲು ಒಂದು ಓಟಿಪಿ, ರಿಪೇರಿಯ ಅಂದಾಜು ಸೇರಿಸಲು ಒಂದು, ಸೇರಿಸಿದ್ದು ಸೇರಿದೆಯೇ ಎಂದು ನೋಡಲು ಇನ್ನೊಂದು. ಮದುವೆಯಾಗಿದ್ದಾಗಲೂ ನಾವು ಇಷ್ಟು ಸಲ ಮಾತಾಡಿದವರಲ್ಲ. ಸಂಜೆ ಹೊತ್ತು ಮಾಡಿದಾಗಲೆಲ್ಲ ಅದೇ ಸದ್ದು. ಒಮ್ಮೆ ಆ ಹೆಂಗಸು "ಅರೇ ವಾಹ್, ಸುಧಾಕರ್‌ಜೀ!" ಎಂದದ್ದೂ ಕೇಳಿಸಿತು. ನಾನು ಹದಿನಾರು ವರ್ಷ ಹೇಳದ ಹೆಸರನ್ನು ಅವಳು ಉಪ್ಪಿನಕಾಯಿ ಚಪ್ಪರಿಸಿದ ಹಾಗೆ ಹೇಳಿದಳು. ಕಾಕುವಿನ ಜೊತೆ ಕೂತು ಚರ್ಚಿಸಿದೆ. ತರಕಾರಿ ಹೆಚ್ಚುವ ಸದ್ದು ಎಂದರು ಕಾಕು. ದಿನಾ ಅಷ್ಟು ಹೊತ್ತು ಹೆಚ್ಚಲು ಅಲ್ಲೇನು ಮದುವೆಮನೆಯೇ? ಹೊಲಿಗೆ ಯಂತ್ರ ಇರಬಹುದು ಎಂದೆ ನಾನು. ಹೊಲಿಗೆ ಯಂತ್ರ ಹಾಗೆ ತಡೆದು ತಡೆದು ಬಡಿಯುವುದಿಲ್ಲ ಎಂದರು ಕಾಕು. ಅವರಿಗೆ ಮೂವತ್ತು ವರ್ಷದ ಹೊಲಿಗೆಯ ಅನುಭವ. ಸ್ಪಷ್ಟವಾಗಿ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚು ಇರಲಿಲ್ಲ. ಬರೀ ತಿಳಿದುಕೊಳ್ಳಬೇಕಿತ್ತು. ರಾತ್ರಿ ನಿದ್ದೆ ಬಾರದಷ್ಟು ತಿಳಿದುಕೊಳ್ಳಬೇಕಿತ್ತು.

ಒಂದು ಬೆಳಿಗ್ಗೆ ಮಾತ್ರ ಆ ಸದ್ದಿನ ಬದಲು ರೈಲಿನ ಸದ್ದು. ಅವರು ಬೇಲಾಪುರದ ಹತ್ತಿರ ಮನೆ ಮಾಡಿಕೊಂಡು ಠಾಣೆಯ ಒಂದು ಹೋಟೆಲಿನ ಲೆಕ್ಕಪತ್ರದ ಕೆಲಸಕ್ಕೆ ಓಡಾಡುತ್ತಾರೆ. ತುಂಬಿದ ಲೋಕಲ್‌ನಲ್ಲಿ ನೇತಾಡುತ್ತಾ, "ಇಲ್ಲಿ ಜೋರಾಗಿ ಓಟಿಪಿ ಹೇಳುದು ಡೇಂಜರ್. ಯಾರಾದ್ರೂ ಕೇಳಿಸ್ಕೊಂಡ್ರೆ? ತುಳುವಲ್ಲಿ ಹೇಳ್ತೇನೆ, ಬರ್ಕೊ" ಎಂದು ಪಿಸುಗುಟ್ಟಿದರು. ಅವರ ತಾಯಿಯ ದಯೆಯಿಂದ ನನಗೆ ತುಳುವಿನಲ್ಲಿ ಹತ್ತರವರೆಗೆ ಎಣಿಸಲು ಬರುತ್ತದೆ. "ರಡ್ಡ್, ಏಳ್, ಐನ್..." ಎಂದು ಗುಟ್ಟಾಗಿ ಶುರು ಮಾಡಿದರು. ಅಷ್ಟರಲ್ಲಿ ಅವರ ಹಿಂದಿನಿಂದ ಫೋನಿಗೆ ಇಣುಕುತ್ತಿದ್ದ ಯಾರೋ, "ಅಣ್ಣಾ, ಅವು ಐನ್ ಅತ್ತ್, ಆಜಿ" ಎಂದರು. ಅದು ಐದಲ್ಲ ಅಣ್ಣಾ, ಆರು ಎಂದು ಅರ್ಥ. ಪಕ್ಕದಲ್ಲಿದ್ದ ಇನ್ನೊಬ್ಬರು ಅದು ಆರೇ ಎಂದು ತುಳುವಿನಲ್ಲೇ ಅನುಮೋದಿಸಿದರು. ನವಿಮುಂಬಯಿಯ ರೈಲಿನಲ್ಲಿ ಗುಟ್ಟಿಗೆ ತುಳುವನ್ನು ನಂಬುವ ತಪ್ಪು ಮಾಡಲು ಉಡುಪಿಯವರೇ ಆಗಬೇಕು. ಅರ್ಧ ಬೋಗಿಗೆ ನನ್ನ ಓಟಿಪಿ ಗೊತ್ತಾಗಿತ್ತು, ಆದರೆ ಆರು ಸರಿಯಾಗಿಯೇ ಇತ್ತು. ನಾನು ಇಲ್ಲಿ ಜೋರಾಗಿ ನಕ್ಕೆ, ಅವರೂ ಅಲ್ಲಿ ನಕ್ಕರು. ಅವರ ನಗು ಹೀಗಿದೆ ಎಂಬುದು ನನಗೆ ಮರೆತುಹೋಗಿತ್ತು. ಇದನ್ನು ಓದಿ ನೀವು ಬೇರೆ ಏನೋ ಲೆಕ್ಕ ಹಾಕಲು ಹೋಗಬೇಡಿ.

ಕೊನೆಗೆ ಕಂಪನಿಯ ಪರವಾಗಿ ನಷ್ಟ ನೋಡಿ ವರದಿ ಬರೆಯುವ ಸರ್ವೇಯರ್ ಬರುವ ದಿನ ನಿಗದಿಯಾಯಿತು. ಮೊದಲ ಹೆಸರಿನವರು ಖುದ್ದಾಗಿ ಮನೆಯಲ್ಲಿರಬೇಕು ಎಂದು ಸಂದೇಶ ಬಂತು. ಪಾಲಿಸಿಯಲ್ಲಿ ಮೊದಲ ಹೆಸರಿನ ಮನುಷ್ಯ ಈ ಮನೆಯಲ್ಲಿ ವಾಸವೇ ಇಲ್ಲ, ಮನೆಯೂ ಅವನದಲ್ಲ, ಆ ಹುಡುಗಿಯ ಸ್ಕ್ರೀನಿನ ಇತರೆ ಒಂದನ್ನು ಬಿಟ್ಟರೆ ಕಂಪನಿಗೆ ಯಾರೂ ಏನೂ ತಿಳಿಸಿಲ್ಲ. ಇದು ಗೊತ್ತಾದರೆ ಅರ್ಜಿ ಕಸದ ಬುಟ್ಟಿಗೆ, ನಾನು ಕಲ್ಯಾಣದ ಹಿಟ್ಟಿನ ಡಬ್ಬಿಗಳ ನಡುವೆ. ಉಪಾಯ ಹುಡುಕಿದವರು ಕಾಕು. ಗಂಡ ಇಲ್ಲಿ ವಾಸವಿಲ್ಲದಿದ್ದರೇನಂತೆ, ಗಂಡಸಿನ ಸಾಮಾನು ಇದ್ದರಾಯಿತು ಎಂದರು. ತಮ್ಮ ಯಜಮಾನರ ಚಪ್ಪಲಿ ತಂದು ನನ್ನ ಬಾಗಿಲಲ್ಲಿ ಬಿಟ್ಟರು. ಗಡ್ಡದ ಬ್ರಷ್ಷನ್ನು ಬಚ್ಚಲಿನಲ್ಲಿಟ್ಟರು. ಒಂದು ಪಟ್ಟೆಪಟ್ಟೆ ಪೈಜಾಮವನ್ನು ಹಾಲ್‌ನ ಹಗ್ಗದ ಮೇಲೆ ಎಲ್ಲರಿಗೂ ಕಾಣುವಂತೆ ಹರವಿದರು. ಕಾಕಾ ಬಹಳ ಗಾತ್ರದ ಮನುಷ್ಯ. ಆ ಪೈಜಾಮ ಹರವಿದ ಮೇಲೆ ಕಿಟಕಿಗೆ ಪರದೆ ಬೇಕಾಗಿರಲಿಲ್ಲ. ನನಗೆ ಇದು ಸರಿ ಕಾಣಲಿಲ್ಲ, ಆದರೆ ತೆಗೆಯುವ ಧೈರ್ಯವೂ ಬರಲಿಲ್ಲ.

ನಾನು ಫೋನಿನಲ್ಲಿ ಹೇಳಿದ್ದಂತೆ ಸರ್ವೇಯರ್‌ಗಿಂತ ಮೊದಲು ಸುಧಾಕರ ಬಂದರು. ತೆಳ್ಳಗಾಗಿದ್ದರು. ಬಾಗಿಲಲ್ಲಿದ್ದ ಚಪ್ಪಲಿಯ ಮುಂದೆ ಒಂದು ನಿಮಿಷ ನಿಂತರು. ಒಳಗೆ ಬಂದು ಪೈಜಾಮ ನೋಡಿದರು. ಕೈ ತೊಳೆಯಲೆಂದು ಬಚ್ಚಲಿಗೆ ಹೋಗಿ ಬ್ರಷ್ಷನ್ನೂ ನೋಡಿ ಬಂದರು. ಒಡೆದ ಟಾಕಿಯ ಬಗ್ಗೆ ಒಂದು ಮಾತಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಫ್ಯಾನು ನೋಡುತ್ತಾ, "ನೆಂಟರು ಯಾರಾದ್ರೂ ಬಂದಿದ್ದಾರಾ?" ಎಂದು ಕೇಳಿದರು. ಇಲ್ಲ ಎಂದೆ. "ಅಲ್ಲ, ನಂಗೆಂತ ಆಗ್ಬೇಕು, ಸುಮ್ಮನೆ ಕೇಳಿದ್ದು. ಅವರು ಎಂತ ಮಾಡಿಕೊಂಡಿದ್ದಾರೆ? ಕೆಲಸ ಉಂಟಾ?" ನನಗೆ ಆಗ ಅರ್ಥವಾಯಿತು. ನಿಜ ಹೇಳಬೇಕೆಂದರೆ ಬಹಳ ಖುಷಿಯಾಯಿತು, ಇನ್ನಷ್ಟು ಹೊತ್ತು ಆ ಖುಷಿಯಲ್ಲೇ ಇರಬಹುದಿತ್ತು. ಆದರೆ ಸಮಯವಿರಲಿಲ್ಲ. "ಅವು ನಿಮ್ಮವು" ಎಂದೆ. "ನನ್ನದಾ?" ಅವರು ಎದ್ದು ಪೈಜಾಮ ತೆಗೆದು ಸೊಂಟಕ್ಕೆ ಹಿಡಿದು ನೋಡಿದರು. "ಇದರಲ್ಲಿ ನನ್ನಂಥವರು ಇಬ್ಬರು ಹಿಡಿಸ್ತಾರೆ. ಎಂತ ನಾಟಕ ಇದು?" ಕಾಕುವಿನ ಉಪಾಯ ವಿವರಿಸಿದೆ. ಅವರು ತಲೆ ಅಲ್ಲಾಡಿಸಿ, "ಬೇಡ ಮಾರಾಯ್ತಿ, ಸುಳ್ಳು ಹೇಳಿ ಸಿಕ್ಕಿಬಿದ್ರೆ ಇದ್ದದ್ದೂ ಹೋಗ್ತದೆ" ಎನ್ನುವಷ್ಟರಲ್ಲಿ ಬೆಲ್ ಆಯಿತು. ಸರ್ವೇಯರ್ ಒಳಗೆ ಬಂದಾಗ ಮೊದಲ ಹೆಸರಿನ ಪಾಲಿಸಿದಾರರು ಹಾಲ್‌ನ ಮಧ್ಯೆ ಪರರ ಪೈಜಾಮ ಎದುರಿಗೆ ಹಿಡಿದುಕೊಂಡು ನಿಂತಿದ್ದರು.

ಸರ್ವೇಯರ್ ನಡುವಯಸ್ಸಿನವರು, ಹಿಂದಿ ಮಾತಾಡುತ್ತಿದ್ದರು. ಗೋಡೆಗಳನ್ನು ಬೆರಳಿನಿಂದ ತಟ್ಟಿ ನೋಡಿದರು, ಉಬ್ಬಿದ ಕಪಾಟಿನ ಫೋಟೊ ತೆಗೆದರು, ಕೆಳಗೆ ಹೋಗಿ ಕಾಕುವಿನ ಛಾವಣಿ ನೋಡಿ ಬಂದರು. ಕಾಕು ಚಹಾ ಹಿಡಿದು ಅವರ ಹಿಂದೆಯೇ ಬಂದು ಬಾಗಿಲಿಗೆ ಒರಗಿ ನಿಂತರು. ಆಗ ಬಂತು ಆ ಪ್ರಶ್ನೆ. ನೀವು ಇಲ್ಲಿಯೇ ವಾಸವಾಗಿದ್ದೀರಾ ಎಂದು ಸುಧಾಕರರನ್ನು ಕೇಳಿದರು. ಅವರು ನನ್ನ ಮುಖ ನೋಡಿದರು. ನಾನು ಹೇಳಿ ಎಂದಿದ್ದರೆ ಹೌದೆನ್ನುತ್ತಿದ್ದರೇನೋ, ಗೊತ್ತಿಲ್ಲ. ಕಾಕು ದೂರದಿಂದ ಹೌದೆನ್ನು ಎಂದು ಕಣ್ಣಲ್ಲೇ ಕುಣಿದರು. ನನಗೆ ಅಣ್ಣನ ಖೋಲಿ ಕಣ್ಣ ಮುಂದೆ ಬಂತು. ಆದರೂ, ನನ್ನ ಮನೆಯನ್ನು ಇನ್ನೊಬ್ಬರ ಪೈಜಾಮ ಕಾಪಾಡಬೇಕಾಗಿ ಬಂತಲ್ಲ ಎಂದು ಸಿಟ್ಟೂ ಬಂತು. ನಾನೇ ನನ್ನ ವಿಜಯಪುರದ ಹಿಂದಿಯಲ್ಲಿ ಹೇಳಿಬಿಟ್ಟೆ. ಇವರು ಇಲ್ಲಿರುವುದಿಲ್ಲ, ನಮಗೆ ವಿಚ್ಛೇದನವಾಗಿ ಮೂರು ವರ್ಷವಾಯಿತು, ಮನೆ ನನ್ನದು, ಪಾಲಿಸಿಯಲ್ಲಿ ಮಾತ್ರ ಇವರ ಹೆಸರು ಉಳಿದುಕೊಂಡಿದೆ. ಸರ್ವೇಯರ್ ಚಹಾ ಊದಿದರು. "ಪಾಲಿಸಿಯಲ್ಲಿ ನಿಮ್ಮ ಹೆಸರೂ ಇದೆಯಲ್ಲ ಮೇಡಂ. ಕೋರ್ಟಿನ ಆದೇಶದ ಪ್ರತಿ ಕೊಡಿ, ಹಣ ನಿಮಗೆ ಬಂದರೆ ತಮ್ಮ ತಕರಾರಿಲ್ಲ ಎಂದು ಸಾಹೇಬರು ಬರೆದುಕೊಡಲಿ. ನಾನು ಹಾಗೆಂದೇ ವರದಿ ಬರೆಯುತ್ತೇನೆ" ಎಂದರು. ಇಷ್ಟೇ. ಇಷ್ಟಕ್ಕಾಗಿ ನಾನು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಹೊರಡುವ ಮೊದಲು ಸರ್ವೇಯರ್ ಪೆನ್ನಿನ ಮುಚ್ಚಳ ಹಾಕುತ್ತಾ, "ನೀವು ಬೇರೆಯಾದದ್ದು ಯಾಕೆ?" ಎಂದರು. ಇದನ್ನೂ ಬರೆಯಬೇಕಾ ಎಂದು ಕೇಳಿದೆ. "ಇಲ್ಲ, ಇಲ್ಲ. ಇದು ನನಗೇ ತಿಳಿಯಬೇಕೆನಿಸಿತು" ಎಂದರು. ಈ ಲೋಕದಲ್ಲಿ ನಾನೊಬ್ಬಳೇ ಅಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು. ನಾವಿಬ್ಬರೂ ಒಟ್ಟಿಗೇ ಉತ್ತರ ಕೊಟ್ಟೆವು. "ಇವರು ಮಾತೇ ಆಡುತ್ತಿರಲಿಲ್ಲ" ಎಂದು ನಾನು. "ಇವಳು ಕೇಳುತ್ತಲೇ ಇರಲಿಲ್ಲ" ಎಂದು ಅವರು. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕೋರ್ಟಿನಲ್ಲಿ ವಕೀಲರು ಹೊಂದಾಣಿಕೆ ಇಲ್ಲ ಎಂದು ಬರೆದು ಮುಗಿಸಿದ್ದರಿಂದ ಅಸಲು ಕಾರಣ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. "ನಾ ಕೇಳತಿರಲಿಲ್ಲಾ? ನಾನಾ?" ಎಂದೆ. "ಮತ್ತೆ! ನಾನು ಬಾಯಿ ತೆಗೆದ್ರೆ ಸಾಕು, ಶ್, ತಡೀರಿ, ಬಿ ವಿಂಗ್‌ನ್ಯಾಗ ಏನೋ ಬಿತ್ತು ಅಂತಿದ್ದಿ. ನಿನ್ನ ಕಿವಿ ಯಾವಾಗ್ಲೂ ಪಕ್ಕದ ಮನೆಯಲ್ಲಿ. ನಾನು ಯಾರ ಹತ್ರ ಮಾತಾಡುದು, ಫ್ರಿಜ್ಜಿನ ಹತ್ರವಾ?" ಎಂದರು. ಹದಿನಾರು ವರ್ಷದಲ್ಲಿ ಅವರು ಒಂದೇ ಉಸಿರಿನಲ್ಲಿ ಆಡಿದ ಅತ್ಯಂತ ಉದ್ದದ ಮಾತು ಅದು. ಕನ್ನಡ ಬಾರದ ಕಾಕು ಎಲ್ಲ ಅರ್ಥವಾದವರಂತೆ ಅವರ ಕಡೆಗೇ ತಲೆಯಾಡಿಸಿದರು. ನನಗೆ ನೋವಾಯಿತು. ಅವರ ಮಾತು ಪೂರ್ತಿ ನಿಜವಲ್ಲ ಎಂದು ಈಗಲೂ ಹೇಳುತ್ತೇನೆ, ಆದರೆ ಪೂರ್ತಿ ಸುಳ್ಳೂ ಅಲ್ಲ.

ಅಷ್ಟರಲ್ಲಿ ಸರ್ವೇಯರ್ ಕೈಯಿಂದ ಪೆನ್ನಿನ ಮುಚ್ಚಳ ಜಾರಿ ಮಂಚದ ಕಡೆಗೆ ಉರುಳಿತು. ಅದು ನಿಲ್ಲುವ ಮೊದಲೇ ಸುಧಾಕರ ಸರಕ್ಕನೆ ಬಗ್ಗಿ ಹಿಡಿದು ಎದ್ದರು. ನಾನು ಬೆರಗಾದೆ. ತಮ್ಮ ಒದ್ದೆ ಟವೆಲ್ಲು ನೆಲದ ಮೇಲೆ ಬಿದ್ದರೆ ಅದನ್ನು ದಾಟಿಕೊಂಡು ಹೋಗುತ್ತಿದ್ದ ಮನುಷ್ಯ ಇವರು. "ನಿಮಗ ಬಗ್ಗಾಕ ಯಾವಾಗಿಂದ ಬರತೈತಿ?" ಎಂದೆ. ಅವರು ಸ್ವಲ್ಪ ನಾಚಿಕೊಂಡು, "ನಮ್ಮ ಸೊಸೈಟಿಯಲ್ಲಿ ಟೇಬಲ್ ಟೆನಿಸ್ ಉಂಟು. ಸಂಜೆ ಆಡ್ಲಿಕ್ಕೆ ಹೋಗ್ತೇನೆ. ಆಡುದಕ್ಕಿಂತ ಚೆಂಡು ಹೆಕ್ಕುದೇ ಜಾಸ್ತಿ. ಒಬ್ರು ಆಂಟಿ ಇದ್ದಾರೆ, ಎಪ್ಪತ್ತು ದಾಟಿದೆ, ನಾನು ಒಂದು ಪಾಯಿಂಟ್ ತೆಗೆದ್ರೆ ವಾಹ್ ವಾಹ್ ಅಂತ ನಗ್ತಾರೆ, ಆಮೇಲೆ ಸೋಲಿಸಿ ಕಳಿಸ್ತಾರೆ" ಎಂದರು. ಟಕ್, ಟೊಕ್. ನನ್ನ ತಲೆಯ ಮೇಲಿನಿಂದ ತುಂಬಿದ ಟಾಕಿಯನ್ನು ಇಳಿಸಿದಷ್ಟು ಹಗುರವಾಯಿತು. ಹಗುರವಾಯಿತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಮೆಟ್ಟಿಲಿಳಿಯುವಾಗ ಅವರನ್ನು ತಡೆದು ಇನ್ನೊಂದು ಪ್ರಶ್ನೆಯನ್ನೂ ಕೇಳಿಬಿಟ್ಟೆ, ಪ್ರೀಮಿಯಮ್ಮು ನಿಮ್ಮ ಖಾತೆಯಿಂದ ಹೋಗುತ್ತಿದ್ದದ್ದು ಗೊತ್ತಿತ್ತೇ ಎಂದು. "ಗೊತ್ತಿತ್ತು. ನಿಲ್ಲಿಸ್ಲಿಕ್ಕೆ ಬ್ಯಾಂಕಿಗೆ ಹೋಗ್ಬೇಕಿತ್ತು. ಯಾರು ಹೋಗುದು?" ಎಂದು ಹೇಳಿ ಹೊರಟರು. ಅದು ಸೋಮಾರಿತನವೋ ಇನ್ನೇನೋ, ಅವರ ಚಪ್ಪಲಿಯ ಸದ್ದಿನಿಂದ ತಿಳಿಯಲು ಪ್ರಯತ್ನಿಸಿದೆ. ತಿಳಿಯಲಿಲ್ಲ.

ಕಂಪನಿಯವರು ಅಲ್ಲಿ ಇಲ್ಲಿ ಸ್ವಲ್ಪ ಕತ್ತರಿಸಿದರೂ ಹಣ ಬಂತು. ಹೊಸ ಟಾಕಿ, ಹೊಸ ಬಣ್ಣ. ಕಾಕುವಿನ ಛಾವಣಿ ಮೊದಲಿಗಿಂತ ಚೆಂದವಾಗಿದೆ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಅಣ್ಣನಿಗೆ ಫೋಟೊ ಕಳಿಸಿದೆ. "ಚಲೋ ಆತು" ಎಂದು ಬರೆದು, ಮೇಲಿನ ಖೋಲಿ ಖಾಲಿಯೇ ಇದೆ ಎಂದೂ ಸೇರಿಸಿದ. ಇನ್ನುಳಿದದ್ದು ಒಂದೇ ಕೆಲಸ, ಪಾಲಿಸಿಯಿಂದ ಅವರ ಹೆಸರು ತೆಗೆಸುವುದು. ಅದಕ್ಕೂ ಓಟಿಪಿ ಬೇಕಂತೆ, ಮತ್ತು ಅದೇ ಕೊನೆಯದ್ದಂತೆ. ಕಳೆದ ಭಾನುವಾರ ಸಂಜೆ ಎಲ್ಲ ತುಂಬಿ, ಗುಂಡಿ ಒತ್ತಿ, ಫೋನ್ ಮಾಡಿದೆ. ಟಕ್ ಟೊಕ್ ಇರಲಿಲ್ಲ. "ಯಾಕ, ಇವತ್ತ ಆಟ ಇಲ್ಲೇನು?" ಎಂದೆ. "ಉಂಟು. ನಿನ್ನ ಫೋನು ಅಂತ ಹೊರಗೆ ಬಂದೆ. ಇವತ್ತು ಎಂತಾಯ್ತು ಗೊತ್ತುಂಟಾ, ಮೊದಲ ಸಲ ಆಂಟಿ ಸೋತ್ರು" ಎಂದು ಅವರು ಶುರು ಮಾಡಿದರು. ಮೊದಲನೇ ಸರ್ವಿಸ್ ಹೇಗೆ ಮಾಡಿದೆ, ಆಂಟಿ ಹೇಗೆ ಮೋಸ ಮಾಡಲು ನೋಡಿದರು, ಕೊನೆಯ ಚೆಂಡು ಮೇಜಿನ ಅಂಚಿಗೆ ತಾಗಿತೋ ಇಲ್ಲವೋ ಎಂದು ಎಷ್ಟು ಜನ ಸಾಕ್ಷಿ ಹೇಳಿದರು, ಎಲ್ಲ. ನಾನು ನಡುನಡುವೆ "ಆಮ್ಯಾಲ?" ಎನ್ನುತ್ತಿದ್ದೆ. ಅವರು ಮುಗಿಸಿ ಕನ್ನಡಕ ಹಾಕಿಕೊಂಡು ನಂಬರ್ ಹೇಳುವ ಹೊತ್ತಿಗೆ ನನ್ನ ಮೊಬೈಲಿನ ಮೇಲೆ ಅವಧಿ ಮುಗಿದಿದೆ ಎಂದು ಬಂದಿತ್ತು. ಮತ್ತೊಮ್ಮೆ ಕಳಿಸಲೇ ಎಂದು ಅದು ಕೇಳುತ್ತಿತ್ತು. ನಾಳೆ ನೋಡಿದರಾಯಿತು ಎಂದು ಫೋನ್ ಕೆಳಗಿಟ್ಟೆ. ಆಗ ಕಾಕು ಮೇಲೆ ಬಂದು, ಬೇಳೆಗೆಂದು ಕುಕ್ಕರ್ ಇಟ್ಟು ಟೀವಿ ಮುಂದೆ ಕೂತುಬಿಟ್ಟೆ, ಎಷ್ಟು ಕೂಗಾಯಿತು ಸ್ವಲ್ಪ ಹೇಳು ಎಂದು ಎಂದಿನ ನಂಬಿಕೆಯಿಂದ ಕೇಳಿದರು. ಕುಕ್ಕರ್ ಕೂಗಿದ್ದೇ ನನಗೆ ಕೇಳಿಸಿರಲಿಲ್ಲ.